ಒಂದು ಟ್ಯಾಂಗೊ ಬಂದರೆ ಇನ್ನೊಂದೂ ಬರುತ್ತದಾ?

"ಬಾಲ್‌ರೂಮ್ ಟ್ಯಾಂಗೊ ಕಲಿತಿದ್ದೇನೆ. ಅರ್ಜೆಂಟೀನಾದ ಟ್ಯಾಂಗೊ ಇನ್ನು ಸುಲಭ ಅಲ್ವಾ?" ಎಂದು ತುಂಬಾ ಜನ ಕೇಳುತ್ತಾರೆ. ಹೆಜ್ಜೆಗಳೇನೋ ಬೇಗ ಬರುತ್ತವೆ. ಕಾಯುವುದು ಬರಲು ತಿಂಗಳುಗಳೇ ಬೇಕು.

ಎರಡರ ಬೇರೂ ಒಂದೇ. 19ನೇ ಶತಮಾನದ ಕೊನೆಯಲ್ಲಿ ಅರ್ಜೆಂಟೀನಾದ ಬ್ಯೂನಸ್ ಐರಿಸ್, ಉರುಗ್ವೆಯ ಮಾಂಟೆವಿಡಿಯೊಗಳಲ್ಲಿ ಹುಟ್ಟಿದ ಕುಣಿತ ಮೊದಲ ಮಹಾಯುದ್ಧಕ್ಕೆ ಮುಂಚೆಯೇ ಪ್ಯಾರಿಸ್, ಲಂಡನ್ ಮುಟ್ಟಿತು. 1920ರ ದಶಕದಲ್ಲಿ ಇಂಗ್ಲಿಷ್ ಶಿಕ್ಷಕರು ಅದಕ್ಕೊಂದು ಕಟ್ಟುನಿಟ್ಟು ತಂದರು. ಅದೇ ಬಾಲ್‌ರೂಮ್ ಟ್ಯಾಂಗೊ. ಈಗ ಸ್ಪರ್ಧೆಗಳಲ್ಲಿ ನಿಮಿಷಕ್ಕೆ 31ರಿಂದ 33 ಬಾರ್ (ತಾಳದ ಆವರ್ತನ) ವೇಗ. ಸೊಂಟಗಳು ಹತ್ತಿರ, ತಲೆಗಳು ದೂರ. ಪಾದ ಎತ್ತಿ ಇಡಬೇಕು, ಚಕ್ಕನೆ ಹೊರಟು ಚಕ್ಕನೆ ನಿಲ್ಲಬೇಕು. ವಾಲ್ಟ್ಸ್ ಎಂಬ ಇನ್ನೊಂದು ಬಾಲ್‌ರೂಮ್ ಕುಣಿತದ ಏರಿಳಿತ ಇಲ್ಲಿಲ್ಲ. ಚೆನ್ನಾಗಿ ಆಡಿದರೆ ನೋಡೋಕೆ ಕಣ್ಣಿಗೆ ಹಬ್ಬ.

ಅರ್ಜೆಂಟೀನಾದ ಟ್ಯಾಂಗೊ ಹಾಗಲ್ಲ. ಮಿಲಾಂಗದಲ್ಲಿ, ಅಂದರೆ ಜನ ಸೇರಿ ಟ್ಯಾಂಗೊ ಆಡುವ ಕೂಟದಲ್ಲಿ, ಎದೆಗೆ ಎದೆ ತಾಗಿರುತ್ತದೆ, ಕಾಲುಗಳಿಗೆ ಕೆಳಗೆ ಜಾಗ ಇರುತ್ತದೆ. ನಡೆಯುವಾಗ ಒಂದು ಪಾದ ಇನ್ನೊಂದನ್ನು ಸವರಿಕೊಂಡು ಹೋಗುತ್ತದೆ. ಮುಂದಿನ ಹೆಜ್ಜೆ ಯಾವುದು ಅಂತ ಯಾರೂ ಮೊದಲೇ ಬರೆದಿಟ್ಟಿರುವುದಿಲ್ಲ.

ಓಚೊ ಎಂಬ ಚಲನೆಯನ್ನೇ ತೆಗೆದುಕೊಳ್ಳಿ. ಸ್ಪ್ಯಾನಿಷ್‌ನಲ್ಲಿ ಹಾಗೆಂದರೆ ಎಂಟು. ಜೊತೆಗಾತಿಯ ಪಾದ ನೆಲದ ಮೇಲೆ ಆ ಅಂಕಿ ಬರೆಯುತ್ತದೆ. ಅವಳು ಒಂದು ಹೆಜ್ಜೆ ಇಡುತ್ತಾಳೆ, ಮೈಭಾರವೆಲ್ಲ ಆ ಪಾದಕ್ಕೆ ಇಳಿಯುತ್ತದೆ, ಆಮೇಲೆ ತಿರುಗುತ್ತಾಳೆ. ಮಧ್ಯದ ಆ ಗಳಿಗೆ ಇದೆಯಲ್ಲ, ಬಾಲ್‌ರೂಮ್‌ನಿಂದ ಬಂದವರು ತಪ್ಪುವುದು ಅಲ್ಲೇ. ನಾನೂ ತಪ್ಪಿದ್ದೆ. 'ಸ್ಲೋ, ಸ್ಲೋ, ಕ್ವಿಕ್, ಕ್ವಿಕ್' ಅಂತ ಮನಸ್ಸಿನಲ್ಲೇ ಎಣಿಸುತ್ತಾ, ಜೊತೆಗಾತಿಗೆ ತಿರುಗಲು ಸೂಚನೆಯಾಗಿ ಎದೆ ತಿರುಗಿಸಿಬಿಟ್ಟೆ. ಹಿರಿಯ ಜೊತೆಗಾತಿ ಮೆಲ್ಲಗೆ, "ನಿಲ್ಲಪ್ಪಾ, ನನ್ನ ಕಾಲು ಇನ್ನೂ ಊರಿಲ್ಲ" ಅಂದರು. ಅವತ್ತಿಂದ ಎಣಿಸುವುದು ಬಿಟ್ಟೆ. ಅವರ ಭಾರ ಯಾವ ಕಾಲಿನ ಮೇಲಿದೆ ಅಂತ ನನ್ನ ಎದೆಗೇ ತಿಳಿಯಬೇಕು. ಅದನ್ನು ಕಣ್ಣಿಂದ ನೋಡಿ ತಿಳಿಯೋಕಾಗಲ್ಲ.

ಹಾಡು ಬದಲಾದರೆ ಕುಣಿತವೂ ಬದಲಾಗುತ್ತದೆ. ಅರ್ಜೆಂಟೀನಾದ ಹಳೆಯ ಟ್ಯಾಂಗೊ ಸಂಗೀತಗಾರ ದಾರಿಯೆಂಸೊ ಅವರ ವಾದ್ಯಗೋಷ್ಠಿಯ ತಾಳ ಕಾಲನ್ನು ಸುಮ್ನೆ ಇರೋಕೆ ಬಿಡುವುದಿಲ್ಲ. ಅಲ್ಲಿಯವರೇ ಆದ ಪುಗ್ಲಿಯೇಸೆಯ ಸಂಗೀತ ಎಳೆದು, ತಡೆದು, ಮತ್ತೆ ಬಿಡುತ್ತದೆ. ಅದೇ ಓಚೊ ಎರಡರಲ್ಲೂ ಒಂದೇ ಥರ ಆಡೋಕಾಗಲ್ಲ.

ಜನ ತುಂಬಿದ್ದರೆ ದೊಡ್ಡ ಹೆಜ್ಜೆಗೆ ಜಾಗವೂ ಇರಲ್ಲ. ಎಲ್ಲರೂ ಗಡಿಯಾರದ ಮುಳ್ಳಿಗೆ ಎದುರಾಗಿ ಸುತ್ತುತ್ತಿರುತ್ತಾರೆ. ಮುಂದಿನ ಜೋಡಿ ನಿಂತರೆ ನೀವೂ ನಿಲ್ಲಬೇಕು.

ಅದಕ್ಕೇ ಬಾಲ್‌ರೂಮ್‌ನಿಂದ ಬಂದವರಿಗೆ ಮೊದಲ ದಿನ ನಾನು ಓಚೊ ಹೇಳಿಕೊಡುವುದಿಲ್ಲ. ಒಂದು ಇಡೀ ಹಾಡಿಗೆ ಬರೀ ನಡೆಯಿರಿ ಅನ್ನುತ್ತೇನೆ. ಪ್ರತಿ ಹೆಜ್ಜೆ ಆದಮೇಲೆ ಜೊತೆಗಿರುವವರ ಪಾದ ನೆಲಕ್ಕೆ ಊರುವ ತನಕ ಕಾಯಿರಿ.