ಅಕ್ಕಿ ಡ್ರಮ್ಮಿನ ಮೇಲೆ ಪರ್ಕಶನ್ ಪಾಠ

2020ರ ನವೆಂಬರಿನ ಒಂದು ಮಧ್ಯಾಹ್ನ ಎರಡನೇ ವರ್ಷದ ಎಂಬಿಬಿಎಸ್ ವಿದ್ಯಾರ್ಥಿಗಳಿಗೆ ಝೂಮ್‌ನಲ್ಲಿ ಎದೆಯ ಪರ್ಕಶನ್, ಎಂದರೆ ಬೆರಳಿನಿಂದ ಬಡಿದು ಸದ್ದಿನಿಂದಲೇ ಒಳಗಿನದನ್ನು ತಿಳಿಯುವ ಪರೀಕ್ಷೆ, ಕಲಿಸುವ ಸರದಿ ನನ್ನದಾಗಿತ್ತು. ಮಾರ್ಚ್‌ನ ಲಾಕ್‌ಡೌನ್‌ನಲ್ಲಿ ಊರು ಸೇರಿದ್ದ ಆ ಮಕ್ಕಳು, ಕಾಲೇಜು ತೆರೆದೊಡನೆ ನೇರವಾಗಿ ರೋಗಿಯ ಮಂಚದ ಬಳಿ ನಿಲ್ಲಬೇಕಾಗಿತ್ತು.

ಎಡಗೈಯ ನಡುಬೆರಳನ್ನು ಪಕ್ಕೆಲುಬುಗಳ ಸಂದಿನಲ್ಲಿ ಒತ್ತಿಟ್ಟು, ಮಣಿಕಟ್ಟು ಮಾತ್ರ ಆಡುವಂತೆ ಬಲಗೈಯ ನಡುಬೆರಳಿನಿಂದ ಬಡಿಯುವುದನ್ನು ಕ್ಯಾಮೆರಾದ ಮುಂದೆ ಮಾಡಿ ತೋರಿಸಿದೆ. “ಸರ್, ಬೆರಳು ಕಾಣ್ತಿದೆ, ಸದ್ದೇ ಬರ್ತಿಲ್ಲ” ಎಂದಳು ಒಬ್ಬಳು. ಕಿವಿಗೊಟ್ಟು ಕೇಳಬೇಕಾದ ಸದ್ದನ್ನೇ ಝೂಮ್ ಹಿನ್ನೆಲೆಯ ಗದ್ದಲವೆಂದು ಬಗೆದು ಅಳಿಸಿಹಾಕುತ್ತಿತ್ತು.

ಆಗ ನೆನಪಾದವನು ಔಯೆನ್‌ಬ್ರುಗ್ಗರ್. 1761ರಲ್ಲಿ ಈ ವಿಧಾನವನ್ನು ಪ್ರಕಟಿಸಿದ ಆ ವೈದ್ಯ ಛತ್ರ ನಡೆಸುವವನ ಮಗ. ಪೀಪಾಯಿ ಬಡಿದು ಮದ್ಯದ ಮಟ್ಟ ತಿಳಿಯುವುದನ್ನು ಅವನು ಅಪ್ಪನಿಂದ ಕಂಡುಕೊಂಡನೆಂದು ಹೇಳುವುದುಂಟು. ಎಲ್ಲರನ್ನೂ ಅಡುಗೆಮನೆಗೆ ಕಳಿಸಿ, ಅಕ್ಕಿ ಡ್ರಮ್ಮನ್ನು ಮೇಲಿನಿಂದ ಬಡಿಯುತ್ತ ಬಂದು, ಸದ್ದು ಮಂಕಾದಲ್ಲಿ ಸೀಮೆಸುಣ್ಣದ ಗೆರೆ ಎಳೆದು, ಆಮೇಲೆ ಮುಚ್ಚಳ ತೆಗೆಯಲು ಹೇಳಿದೆ. “ಮಲಗೋ ಹೊತ್ತಲ್ಲಿ ಅದೇನೇ ಡಬ್ಬಿ ಬಡಿಯೋದು?” ಎಂದು, ಸದ್ದು ಬರ್ತಿಲ್ಲವೆಂದಿದ್ದ ಹುಡುಗಿಯನ್ನು ಅವಳಜ್ಜಿ ಗದರಿದ್ದನ್ನು ಝೂಮ್ ಅಳಿಸದೆ ಎಲ್ಲರಿಗೂ ಕೇಳಿಸಿತು. ಆ ಹುಡುಗಿಯ ಗೆರೆ ಅಕ್ಕಿಯ ಮಟ್ಟಕ್ಕಿಂತ ಎರಡು ಬೆರಳು ಕೆಳಗಿತ್ತು. ಮೆಲ್ಲಗೆ ಬಡಿದು ನೋಡೆಂದೆ. ಎರಡನೆಯ ಗೆರೆ ಸರಿಯಾಗಿ ಬಿತ್ತು. ಬಳಿಕ ತಮ್ಮ ತಮ್ಮ ಎದೆಯ ಬಲಭಾಗದಲ್ಲಿ ಕೆಳಗಿಳಿಯುತ್ತ, ಐದನೆಯ ಸಂದಿನ ಆಸುಪಾಸಿನಲ್ಲಿ ಯಕೃತ್ತಿನ ಮಂಕು ಸದ್ದನ್ನು ಹಲವರು ಹಿಡಿದರು. ನಾನು ಒಳಗೊಳಗೇ ಬೀಗಿದೆನೆಂದು ಒಪ್ಪಿಕೊಳ್ಳಬೇಕು.

ಡಿಸೆಂಬರಿನಲ್ಲಿ ಅದೇ ಹುಡುಗಿ ವಾರ್ಡಿನಲ್ಲಿ, ಶ್ವಾಸಕೋಶದ ಸುತ್ತ ನೀರು ತುಂಬಿದ್ದ ಒಬ್ಬ ಹಿರಿಯರ ಬೆನ್ನಿನ ಹಿಂದೆ ನಿಂತಳು. ಬೆರಳಿಟ್ಟ ಜಾಗ, ಮಣಿಕಟ್ಟಿನ ಆಟ ಎಲ್ಲವೂ ಅಚ್ಚುಕಟ್ಟು. ಕಲ್ಲಿನ ಮೇಲೆ ಬಡಿದಂಥ ಸದ್ದನ್ನು ಅವಳು ಕ್ಷಣದಲ್ಲಿ ಗುರುತಿಸಿದಳು. ಆದರೆ ಸ್ಯಾನಿಟೈಸರಿನ ಒದ್ದೆ ಆರದ ಬೆರಳು ತಾಗಿದೊಡನೆ ಅವರು ಬೆಚ್ಚಿ ಮುಂದಕ್ಕೆ ಬಾಗಿ, “ಒಂದ್ ಮಾತ್ ಹೇಳ್ಬಾರ್ದೇನವ್ವಾ, ಕೈ ತಣ್ಣಗದೆ” ಎಂದಿದ್ದರು. ಅವಳಿಗೆ ಮುಖ ಎತ್ತಲಾಗಲಿಲ್ಲ. ತಪ್ಪು ನನ್ನದು: ಅಕ್ಕಿ ಡ್ರಮ್ಮನ್ನು ಕೇಳಿ ಮುಟ್ಟಬೇಕಾಗಿರಲಿಲ್ಲವಲ್ಲ.

2021ರ ಎರಡನೇ ಅಲೆಯಲ್ಲಿ ತರಗತಿಗಳು ಮತ್ತೆ ಝೂಮ್‌ಗೆ ಹೋದಾಗ, ಡ್ರಮ್ಮು ಮುಗಿದ ಮೇಲೆ ಮನೆಯವರೊಬ್ಬರನ್ನು ಸ್ಟೂಲಿನ ಮೇಲೆ ಕೂರಿಸಿ, ಅಂಗೈ ಉಜ್ಜಿ ಬೆಚ್ಚಗೆ ಮಾಡಿಕೊಂಡು, “ಮುಟ್ಟಿ ನೋಡ್ಲಾ?” ಎಂದು ಕೇಳುವುದರಿಂದಲೇ ಶುರುಮಾಡಿಸಿದೆ. ಒಬ್ಬನ ಅಜ್ಜ ಬೇಡವೆಂದರು. ಅವನು ಮತ್ತೆ ಡ್ರಮ್ಮಿಗೇ ಮರಳಿದ.