ಎರಡನೇ ಬೇಸ್ ಸಿಕ್ಕಿತು

ಗಿಗ್‌ಗಳಿಗೆ ಜೊತೆಯಲ್ಲಿ ಒಯ್ಯಲು ಇನ್ನೊಂದು ಬೇಸ್ ಗಿಟಾರ್ ಹುಡುಕುತ್ತಿದ್ದೆ. ಎಂಬತ್ತರ ದಶಕದಲ್ಲಿ ಜಪಾನಿನಲ್ಲಿ ತಯಾರಾದ, ಸ್ಕ್ವೈರ್ ಬ್ರ್ಯಾಂಡಿನ ಪ್ರಿಸಿಷನ್ ಬೇಸ್ ಮನೆಗೆ ಬಂದಿದೆ, ತುಂಬಾ ಖುಷಿ!

ಮನಸ್ಸು ಮೊದಲು ಎಳೆದದ್ದು ಮಸ್ಟಾಂಗ್ ಬೇಸ್ ಕಡೆಗೆ. 1966ರಲ್ಲಿ ಬಂದ ಮಾದರಿ, ಪುಟ್ಟದು, ಮುದ್ದಾಗಿದೆ. ಆದರೆ ಅದರ ಸ್ಕೇಲ್ (ತಂತಿಯ ನುಡಿಯುವ ಭಾಗದ ಉದ್ದ) 30 ಇಂಚು, ನಾನು ದಿನವೂ ನುಡಿಸುವುದು 34. ಹಾಡಿನ ನಡುವೆ ತಂತಿ ಹರಿದು ವಾದ್ಯ ಬದಲಿಸುವಾಗ ಬೆರಳುಗಳಿಗೆ ಅದೇ ಅಂತರ ಸಿಗಬೇಕು. ಅಲ್ಲಿಗೆ ಆ ಆಸೆ ಬಿಟ್ಟೆ.

ಪ್ರಿಸಿಷನ್‌ನಲ್ಲಿ ನನಗೆ ಎಲ್ಲಕ್ಕಿಂತ ಇಷ್ಟ 1957ರಿಂದ ಬಂದಿರುವ ಆ ಎರಡು ತುಂಡಿನ ಪಿಕಪ್, ಅಂದರೆ ತಂತಿಯ ಕಂಪನವನ್ನು ವಿದ್ಯುತ್ ಸಂಕೇತವಾಗಿಸುವ ಭಾಗ. ಅದರೊಳಗಿನ ಎರಡು ಸುರುಳಿಗಳು ಪರಸ್ಪರ ವಿರುದ್ಧವಾಗಿ ಕೆಲಸ ಮಾಡಿ ಗುಂಯ್ ಎನ್ನುವ ಕರೆಂಟಿನ ಸದ್ದನ್ನು ಅಳಿಸಿಬಿಡುತ್ತವೆ. ನಮ್ಮ ಬೆಂಗಳೂರಿನ ಪಬ್ ವೇದಿಕೆಗಳಲ್ಲಿ, ಡಿಮ್ಮರ್ ಲೈಟುಗಳ ಪಕ್ಕದಲ್ಲೇ ನಿಂತು ನುಡಿಸುವವರಿಗೆ ಇದರ ಬೆಲೆ ಗೊತ್ತು.

ಕೊಳ್ಳುವ ಮುಂಚೆ ನೆಕ್ (ಉದ್ದನೆಯ ಹಿಡಿ) ಬಾಗಿದೆಯಾ ಅಂತ ನೋಡಿದೆ. ತಂತಿಯನ್ನು ಮೊದಲ ಫ್ರೆಟ್‌ನಲ್ಲೂ (ನೆಕ್ ಮೇಲಿನ ಲೋಹದ ಅಡ್ಡಪಟ್ಟಿ) ಕೊನೆಯದರಲ್ಲೂ ಒತ್ತಿ ಹಿಡಿದಾಗ ನಡುವೆ ಕೂದಲೆಳೆಯಷ್ಟು ಸಂದು, ಅಷ್ಟೇ. ನೆಕ್‌ನ ಬಾಗು ಸರಿಹೊಂದಿಸುವ ಟ್ರಸ್ ರಾಡ್ ಕೂಡ ಸಲೀಸಾಗಿ ತಿರುಗಿತು. ಸದ್ದು ಏರಿಸಿ ಇಳಿಸುವ ಬಿಡಿಭಾಗವಾದ ವಾಲ್ಯೂಮ್ ಪಾಟ್ ಯಾರೋ ಬದಲಿಸಿದ್ದಾರೆ. ಸಂಗ್ರಾಹಕರಿಗೆ ಅದು ಕೊರತೆ, ನನಗೆ ಬೆಲೆ ಇಳಿದದ್ದೇ ಲಾಭ.

ಮೈಮೇಲಿನ ಬಣ್ಣ ಮುಂಗೈ ತಾಗುವ ಕಡೆ ಮಾತ್ರ ಸವೆದಿದೆ. ಯಾರ ಕೈಯೋ ಏನೋ, ಎಷ್ಟೊಂದು ನುಡಿಸಿದ್ದಾರೆ! ಇಷ್ಟು ದುಡಿದದ್ದನ್ನು ಬರೀ ಬ್ಯಾಕಪ್ ಅಂತ ಕೇಸಿನಲ್ಲೇ ಮಲಗಿಸಿಡಲು ಮನಸ್ಸಾಗುತ್ತಿಲ್ಲ. ಮುಂದಿನ ಗಿಗ್‌ನ ಮೊದಲ ಸೆಟ್ ಇದರಲ್ಲೇ.