ಕಣ್ಣು ಕಾಣದವರಿಗೆ ಮೌಸ್ ಯಾಕೆ?

ದಾವಣಗೆರೆಯಲ್ಲಿ ನನ್ನನ್ನು ಬಲ್ಲವರು, ಈಗಷ್ಟೇ ಪರಿಚಯ ಆದವರು, ಎಲ್ಲರೂ ಕೇಳುವ ಪ್ರಶ್ನೆ ಒಂದೇ. "ನಿಮಗೆ ಕಣ್ಣು ಕಾಣಲ್ಲ ಅಂತೀರಿ. ಮತ್ತೆ ಮೌಸ್ ಹಿಡ್ಕೊಂಡು ಆಟ ಹೇಗೆ ಆಡ್ತೀರಿ?" ಮಂಡಿಪೇಟೆಯಲ್ಲಿ ಮೌಸ್ ಕೊಳ್ಳಲು ಹೋದರೆ ಅಂಗಡಿಯವರು ಕೇಳುತ್ತಾರೆ. ಮನೆಗೆ ಬಂದ ನೆಂಟರು ಕೇಳುತ್ತಾರೆ. ದೃಷ್ಟಿ ಇಲ್ಲದ ಗೆಳೆಯರೂ ಕೇಳುತ್ತಾರೆ. ಅವರು ಕೇಳಿದಾಗ ನನಗೆ ಜಾಸ್ತಿ ಉತ್ಸಾಹ ಬರುತ್ತದೆ, ಯಾಕೆಂದರೆ ಉತ್ತರ ಮುಗಿಯುವ ಹೊತ್ತಿಗೆ ಅವರೂ ಹೆಡ್‌ಫೋನ್ ಹಾಕಿಕೊಂಡಿರುತ್ತಾರೆ.

ನಾನು ಆಡುವುದು ಶಬ್ದದ ಆಟಗಳನ್ನು, ಅಂದರೆ ಪರದೆ ನೋಡದೆ ಬರೀ ಸದ್ದು ಕೇಳಿ ಆಡುವ ಕಂಪ್ಯೂಟರ್ ಆಟಗಳನ್ನು. ಚಿಕ್ಕದಾಗಿ ಹೇಳಬೇಕು ಅಂದರೆ, ಈ ಆಟಗಳಲ್ಲಿ ಮೌಸ್ ಇರುವುದು ತಿರುಗುವುದಕ್ಕೆ. ಪರದೆಯ ಮೇಲೆ ಏನನ್ನೂ ಹುಡುಕುವ ಕೆಲಸ ಅದಕ್ಕಿಲ್ಲ. ಎಡಕ್ಕೆ ಸರಿಸಿದರೆ ಆಟದೊಳಗೆ ನಾನು ಎಡಕ್ಕೆ ತಿರುಗುತ್ತೇನೆ, ಬಲಕ್ಕೆ ಸರಿಸಿದರೆ ಬಲಕ್ಕೆ. ನಾನು ತಿರುಗಿದಂತೆ ಸುತ್ತಲಿನ ಸದ್ದುಗಳೆಲ್ಲ ಜಾಗ ಬದಲಿಸುತ್ತವೆ. ಅಷ್ಟೇ.

ಆದರೂ ಪ್ರಶ್ನೆ ಸುಮ್ನೆ ಹುಟ್ಟಿದ್ದಲ್ಲ. ದಿನದ ಕೆಲಸದಲ್ಲಿ ನಾವು ಮೌಸ್ ಮುಟ್ಟುವುದೇ ಇಲ್ಲ. ಪರದೆಯಲ್ಲಿ ಇರುವುದನ್ನು ಸ್ಕ್ರೀನ್ ರೀಡರ್ ಓದಿ ಹೇಳುತ್ತದೆ, ನಾವು ಟ್ಯಾಬ್ ಮತ್ತು ಬಾಣದ ಕೀಗಳಿಂದ ಮುಂದೆ ಹೋಗುತ್ತೇವೆ. ನಾನು ಬಳಸುವುದು ಎನ್‌ವಿಡಿಎ. 2006ರಲ್ಲಿ ಆಸ್ಟ್ರೇಲಿಯಾದ ಮೈಕೆಲ್ ಕರ್ರನ್ ಶುರು ಮಾಡಿದ ತಂತ್ರಾಂಶ ಅದು. ಮುಂದೆ ಜೇಮ್ಸ್ ಟೆ ಜೊತೆಯಾದರು. ಇಬ್ಬರಿಗೂ ದೃಷ್ಟಿ ಇಲ್ಲ. ಇವತ್ತಿಗೂ ಅದು ಉಚಿತ, ಕನ್ನಡವನ್ನೂ ಓದುತ್ತದೆ. ಇಂಥ ಅನುಕೂಲ ಇರುವಾಗ ಮೌಸ್ ಯಾಕೆ ಬೇಕು ಅನ್ನಿಸುವುದು ಸಹಜ ಅಲ್ವಾ?

ಇಲ್ಲಿ ಮೌಸ್ ಹೇಗೆ ಕೆಲಸ ಮಾಡುತ್ತದೆ ಅನ್ನೋದನ್ನು ಸ್ವಲ್ಪ ನೋಡಬೇಕು. ತಾನು ಪರದೆಯ ಯಾವ ಜಾಗದಲ್ಲಿದ್ದೇನೆ ಅನ್ನೋದು ಮೌಸ್‌ಗೆ ಗೊತ್ತೇ ಇಲ್ಲ. ಯಾವ ಕಡೆ ಸರಿದೆ, ಎಷ್ಟು ಸರಿದೆ, ಇಷ್ಟನ್ನು ಮಾತ್ರ ಅದು ಕಂಪ್ಯೂಟರ್‌ಗೆ ಹೇಳುತ್ತದೆ. ಕಣ್ಣಿದ್ದವರು ಪರದೆಯ ಮೇಲಿನ ಬಾಣ ನೋಡುತ್ತಾ ಕೈಯನ್ನು ತಿದ್ದಿಕೊಳ್ಳುತ್ತಾರೆ. ನಮಗೆ ಆ ಬಾಣ ಕಾಣುವುದಿಲ್ಲ, ಹಾಗಾಗಿ ಕೈಗೆ ಸುದ್ದಿ ಸಿಗುವುದಿಲ್ಲ. ಕೈ ಸರಿದಂತೆ ಕಿವಿಗೆ ಸುದ್ದಿ ಕೊಟ್ಟರೆ ತೊಂದರೆ ಅಲ್ಲಿಗೇ ಮುಗಿಯಿತು. ಎನ್‌ವಿಡಿಎಯಲ್ಲೇ ಇಂಥದ್ದೊಂದು ಸೌಲಭ್ಯ ಇದೆ. ಅದನ್ನು ಆನ್ ಮಾಡಿದರೆ ಮೌಸ್ ಸರಿದಾಗ ಬೀಪ್ ಸದ್ದು ಬರುತ್ತದೆ. ಮೇಲೆ ಹೋದರೆ ಸ್ವರ ಏರುತ್ತದೆ, ಕೆಳಗೆ ಬಂದರೆ ಇಳಿಯುತ್ತದೆ, ಎಡ ಬಲಕ್ಕೆ ಸರಿದರೆ ಸದ್ದು ಆಯಾ ಕಿವಿಗೆ ಸರಿಯುತ್ತದೆ. ಶಬ್ದದ ಆಟಗಳು ಇದನ್ನೇ ಬಹಳ ಮುಂದಕ್ಕೆ ಒಯ್ದಿವೆ.

ಈಗ ಕಿವಿಯ ವಿಷಯ. ನನಗೆ ಇದೇ ಅತಿ ಇಷ್ಟವಾದ ಭಾಗ.

ಬಲಗಡೆ ಹುಟ್ಟಿದ ಸದ್ದು ಬಲಗಿವಿಗೆ ಮೊದಲು ಮುಟ್ಟುತ್ತದೆ, ಎಡಗಿವಿಗೆ ತುಸು ತಡವಾಗಿ. ಆ ತಡ ಎಷ್ಟು? ಸದ್ದು ಪೂರ್ತಿ ಪಕ್ಕದಲ್ಲಿದ್ದಾಗಲೂ ಸುಮಾರು 0.7 ಮಿಲಿಸೆಕೆಂಡ್ ಅಷ್ಟೇ. ಜೊತೆಗೆ, ಕೀರಲು ಸದ್ದುಗಳಿಗೆ ನಮ್ಮ ತಲೆಯೇ ಅಡ್ಡ ಬರುತ್ತದೆ, ಆಚೆ ಕಿವಿಗೆ ಅವು ಸಣ್ಣಗೆ ಕೇಳುತ್ತವೆ. ಈ ಎರಡು ವ್ಯತ್ಯಾಸ ಹಿಡಿದು ಮಿದುಳು ದಿಕ್ಕು ಲೆಕ್ಕ ಹಾಕುತ್ತದೆ. ಬೆಣ್ಣೆ ದೋಸೆ ಹೋಟೆಲಿಗೆ ಹೋದರೆ ಹೆಂಚು ಎಲ್ಲಿದೆ ಅಂತ ನನಗೆ ಯಾರೂ ಹೇಳಬೇಕಿಲ್ಲ. ಹಿಟ್ಟು ಬಿದ್ದಾಗಿನ ಚುಂಯ್ ಸದ್ದಿನಲ್ಲಿ ಏರು ಇಳಿ ಸ್ವರಗಳೆಲ್ಲ ಬೆರೆತಿರುತ್ತವೆ, ಅಂಥ ಸದ್ದಿನ ಜಾಗ ಥಟ್ಟನೆ ಸಿಗುತ್ತದೆ. ದಪ್ಪ ಗುಂಯ್ ಸದ್ದು ಹಾಗಲ್ಲ. ಕೋಣೆಯೊಳಗೆ ಅದು ಎಲ್ಲಾ ಕಡೆಯಿಂದ ಬಂದ ಹಾಗಿರುತ್ತದೆ. ಒಳ್ಳೆಯ ಆಟ ಮಾಡುವವರಿಗೆ ಇದು ಗೊತ್ತಿರುತ್ತದೆ. ಶತ್ರುವಿನ ಹೆಜ್ಜೆಗೆ ಅವರು ಜಲ್ಲಿಕಲ್ಲಿನ ಚರಚರ ಸದ್ದು ಕೊಡುತ್ತಾರೆ.

ಆದರೆ ಒಂದು ತೊಡಕಿದೆ. ನೇರ ಎದುರಿನ ಸದ್ದು, ನೇರ ಬೆನ್ನ ಹಿಂದಿನ ಸದ್ದು, ಎರಡೂ ಎರಡು ಕಿವಿಗೆ ಒಂದೇ ಹೊತ್ತಿಗೆ ಮುಟ್ಟುತ್ತವೆ. ಮುಂದೋ ಹಿಂದೋ ಅಂತ ಗೊಂದಲ ಆಗುತ್ತದೆ. ನಿಜ ಜೀವನದಲ್ಲಿ ನಾವು ಏನು ಮಾಡುತ್ತೇವೆ? ಗೊತ್ತಿಲ್ಲದೇ ತಲೆ ಸ್ವಲ್ಪ ಹೊರಳಿಸುತ್ತೇವೆ. ಬಲಕ್ಕೆ ಹೊರಳಿಸಿದಾಗ ಸದ್ದು ಎಡಗಿವಿಗೆ ಸರಿದರೆ ಅದು ಎದುರಿಗಿದೆ. ಬಲಗಿವಿಗೇ ಸರಿದರೆ ಬೆನ್ನ ಹಿಂದಿದೆ. ಅರ್ಧ ಕ್ಷಣದ ಕೆಲಸ ಇದು. ಪಿ.ಬಿ. ರಸ್ತೆ ದಾಟುವಾಗ ನನ್ನನ್ನು ಕಾಯುವುದು ಬಿಳಿ ಕೋಲಿನ ಜೊತೆಗೆ ಈ ಚಿಕ್ಕ ಹೊರಳೇ.

ಹೆಡ್‌ಫೋನ್ ಹಾಕಿದರೆ ಈ ಸೌಲಭ್ಯ ಹೋಗಿಬಿಡುತ್ತದೆ. ತಲೆ ಎಷ್ಟು ತಿರುಗಿಸಿದರೂ ಸದ್ದು ತಲೆಯ ಜೊತೆಗೇ ತಿರುಗುತ್ತದೆ. ಮೌಸ್ ಬೇಕಾಗುವುದು ಇಲ್ಲೇ. ಹೆಡ್‌ಫೋನ್ ಕಿತ್ತುಕೊಂಡ ಹೊರಳನ್ನು ಮೌಸ್ ನನ್ನ ಅಂಗೈಗೆ ವಾಪಸ್ ಕೊಡುತ್ತದೆ.

ಬಾಣದ ಕೀಗಳಿಂದ ತಿರುಗಬಾರದಾ ಅಂತ ಕೇಳಬಹುದು. ತಿರುಗಬಹುದು, ಎಷ್ಟೋ ಒಳ್ಳೆಯ ಆಟಗಳು ಹಾಗೇ ಇವೆ. 2000ದ ದಶಕದ ಆರಂಭದಲ್ಲಿ ಬಂದ ಶೇಡ್ಸ್ ಆಫ್ ಡೂಮ್ ಕೀಬೋರ್ಡಿನದ್ದೇ ಆಟ, ಅದನ್ನು ಇಂದಿಗೂ ನೆನೆಯುವವರಿದ್ದಾರೆ. ಆದರೆ ಕೀ ಒತ್ತಿದಾಗ ಆಟ ಎಷ್ಟು ತಿರುಗಿಸುತ್ತದೋ ಅಷ್ಟು, ಯಾವ ವೇಗದಲ್ಲೋ ಆ ವೇಗದಲ್ಲಿ ತಿರುಗಬೇಕು. ಮೌಸ್‌ನಲ್ಲಿ ಕೈಯ ವೇಗವೇ ವೇಗ. ಹೆದರಿದಾಗ ರಪ್ಪನೆ ತಿರುಗುತ್ತೇನೆ, ಗುರಿ ಹತ್ತಿರ ಬಂದಾಗ ಕೂದಲೆಳೆಯಷ್ಟು ಸರಿಸುತ್ತೇನೆ. ಸ್ವಾಂಪ್ ಅಂತ ಒಂದು ಆಟ ಇದೆ, ಏಪ್ರೋನ್ ಎಂಬ ಹೆಸರಿನಲ್ಲಿ ಆಟ ಬರೆಯುವವರು ಮಾಡಿದ್ದು. ಜಾಂಬಿಗಳು ತುಂಬಿದ ಊರು, ಬೇರೆ ಬೇರೆ ಕಡೆಯ ಆಟಗಾರರು ಇಂಟರ್ನೆಟ್ ಮೂಲಕ ಒಟ್ಟಿಗೆ ಆಡಬಹುದು. ನಡೆಯಲು ಕೀಬೋರ್ಡ್, ತಿರುಗಲು ಮೌಸ್. ಎಡಗಡೆ ಗುರುಗುಟ್ಟುವುದು ಕೇಳಿದರೆ ಮೌಸ್ ಎಡಕ್ಕೆ ಎಳೆಯುತ್ತೇನೆ, ಆ ಸದ್ದು ಎಡಗಿವಿಯಿಂದ ಹೊರಟು ತಲೆಯ ನಡುವಿಗೆ ಬಂದು ನಿಲ್ಲುತ್ತದೆ. ನಡುವಿಗೆ ಬಂತು ಅಂದರೆ ಗುರಿ ಸಿಕ್ಕಿತು. ಪರದೆ ಆಫ್ ಇದ್ದರೂ ಆಟ ನಡೆಯುತ್ತಲೇ ಇರುತ್ತದೆ.

ಸದ್ದು ಕೇಳಿ ಗುರಿ ಹಿಡಿಯುವುದು ಸಾಧ್ಯವಾ ಅಂತ ಅನುಮಾನ ಪಡುವವರಿಗೆ ನಾನು ಕ್ರಿಕೆಟ್ ನೆನಪಿಸುತ್ತೇನೆ. ಅಂಧರ ಕ್ರಿಕೆಟ್‌ನಲ್ಲಿ ಚೆಂಡಿನೊಳಗೆ ಗುಂಡುಗಳಿರುತ್ತವೆ, ಉರುಳುವಾಗ ಸದ್ದು ಮಾಡುತ್ತದೆ. 2012ರಲ್ಲಿ ಬೆಂಗಳೂರಿನಲ್ಲಿ ಅಂಧರ ಮೊದಲ ಟಿ20 ವಿಶ್ವಕಪ್ ನಡೆಯಿತು, ಭಾರತ ಗೆದ್ದಿತು. ನಾಯಕ ಶೇಖರ್ ನಾಯಕ್ ನಮ್ಮ ಪಕ್ಕದ ಶಿವಮೊಗ್ಗ ಜಿಲ್ಲೆಯವರು. ಉರುಳಿ ಬರುವ ಚೆಂಡನ್ನು ಕಿವಿಯಿಂದ ಹಿಡಿದು ಬ್ಯಾಟ್ ಬೀಸಬಹುದಾದರೆ, ಕೂತಲ್ಲೇ ಮೌಸ್ ಸರಿಸುವುದು ಯಾವ ದೊಡ್ಡ ಮಾತು?

ಬರೀ ಶಬ್ದದ ಆಟ ಹೊಸದೂ ಅಲ್ಲ. 1997ರಲ್ಲೇ ಜಪಾನಿನ ಕೆಂಜಿ ಎನೊ ಚಿತ್ರವೇ ಇಲ್ಲದ ಆಟವೊಂದನ್ನು ಸೆಗಾ ಸ್ಯಾಟರ್ನ್ ಎಂಬ ಆಟದ ಯಂತ್ರಕ್ಕೆ ಮಾಡಿದ್ದರು. 2015ರಲ್ಲಿ ಫ್ರಾನ್ಸಿನಿಂದ ಎ ಬ್ಲೈಂಡ್ ಲೆಜೆಂಡ್ ಬಂತು, ಅದು ಮೊಬೈಲಿನಲ್ಲಿ ಬೆರಳಿನಿಂದ ಆಡುವ ಆಟ. ನಮ್ಮ ಕಡೆ ಹೆಚ್ಚಿನವರ ಕೈಯಲ್ಲಿ ಇರುವುದು ಫೋನ್ ಮಾತ್ರ. ಅಂಥವರು ಅಲ್ಲಿಂದ ಶುರು ಮಾಡಿದರೂ ಸರಿ.

ಕಂಪ್ಯೂಟರ್ ಇರುವವರಿಗೆ ಒಂದೆರಡು ಮಾತು. ದುಬಾರಿ ಮೌಸ್ ಬೇಡ, ಆದರೆ ಲ್ಯಾಪ್‌ಟಾಪಿನ ಟಚ್‌ಪ್ಯಾಡ್‌ನಲ್ಲಿ ಆಡಬೇಡಿ, ಬೆರಳು ಅಂಚಿಗೆ ಬಂದು ತಿರುಗುವುದು ಅರ್ಧಕ್ಕೇ ನಿಲ್ಲುತ್ತದೆ. ಮೌಸ್ ಆದರೆ ಮೇಜಿನ ತುದಿ ಬಂದಾಗ ಎತ್ತಿ ಮತ್ತೆ ನಡುವಿಗೆ ಇಟ್ಟರಾಯಿತು, ಎತ್ತಿದಾಗ ಆಟದಲ್ಲಿ ಏನೂ ಕದಲುವುದಿಲ್ಲ. ತುದಿ ದಪ್ಪ ಇರುವ ಪ್ಯಾಡ್ ಇದ್ದರೆ ಬೆರಳಿಗೆ ಗಡಿ ಗೊತ್ತಾಗುತ್ತದೆ. ಹೆಡ್‌ಫೋನ್ ಮಾತ್ರ ವೈರಿನದ್ದೇ ಇರಲಿ. ಬ್ಲೂಟೂತ್‌ನಲ್ಲಿ ಸದ್ದು ತಡವಾಗಿ ಬರುತ್ತದೆ. ಕೈ ತಿರುಗಿ ಆದ ಮೇಲೆ ಸದ್ದು ತಿರುಗಿದರೆ ಗುರಿ ದಾಟಿ ಹೋಗಿರುತ್ತದೆ. ವಿಂಡೋಸ್‌ನಲ್ಲಿ ಮೋನೋ ಆಡಿಯೋ ಆನ್ ಆಗಿದೆಯಾ ಅಂತಲೂ ನೋಡಿ. ಅದು ಆನ್ ಇದ್ದರೆ ಎರಡೂ ಕಿವಿಗೆ ಒಂದೇ ಸದ್ದು, ದಿಕ್ಕೇ ಸತ್ತುಹೋಗುತ್ತದೆ. ಒಂದೇ ಕಿವಿ ಕೇಳುವವರಿಗೆ ಈ ಆಟಗಳು ನಿಜವಾಗಿಯೂ ಕಷ್ಟ. ದಿಕ್ಕನ್ನು ಸ್ವರದ ಏರಿಳಿತದಿಂದ ಹೇಳುವ ಆಟಗಳು ಅವರಿಗೆ ಬೇಕು, ಅಂಥವು ಇನ್ನೂ ಹೆಚ್ಚಬೇಕು.

ವಾಲ್ಯೂಮ್ ಕಡಿಮೆ ಇಡಿ. ಇದನ್ನು ನಾನು ಹುಡುಗರಿಗೆ ಗದರಿಸಿಯೇ ಹೇಳುತ್ತೇನೆ. ಆಟ ಆಡುವುದೂ ರಸ್ತೆ ದಾಟುವುದೂ ಅದೇ ಕಿವಿಗಳಿಂದ.

ನನಗೆ ಬೇಸರ ಇರುವುದು ಭಾಷೆಯ ಬಗ್ಗೆ. ನಾನು ಆಡಿರುವ ಆಟಗಳೆಲ್ಲ ಇಂಗ್ಲಿಷಿನವು. ಹಳ್ಳಿಯಿಂದ ಬಂದ ಹುಡುಗಿಗೆ ಕಿವಿ ಚುರುಕಿದ್ದರೂ ಆಟ ಏನು ಹೇಳುತ್ತಿದೆ ಅಂತ ಗೊತ್ತಾಗದೆ ಬಿಟ್ಟುಬಿಡುತ್ತಾಳೆ. ಕನ್ನಡದಲ್ಲಿ ಕಥೆಗೆ ಬರವೇ? ಪಕ್ಕದ ಚಿತ್ರದುರ್ಗದ ಓಬವ್ವನನ್ನೇ ನೋಡಿ. ಗಂಡನ ಊಟಕ್ಕೆ ನೀರು ತರಲು ಹೋದವಳಿಗೆ ಕಿಂಡಿಯ ಕಡೆಯಿಂದ ಪಿಸುಮಾತು ಕೇಳಿಸಿತು. ಹೈದರಾಲಿಯ ಸೈನಿಕರು ಒಬ್ಬೊಬ್ಬರಾಗಿ ತೆವಳಿ ಬರುತ್ತಿದ್ದರು. ಒನಕೆ ಹಿಡಿದು ಕಿಂಡಿಯ ಪಕ್ಕ ನಿಂತು ಕಾದಳು. ಇಡೀ ಪ್ರಸಂಗವನ್ನು ಕಿವಿಯಿಂದಲೇ ಆಡಬಹುದು. ಬಟ್ಟೆ ಕಲ್ಲಿಗೆ ಉಜ್ಜುವ ಸದ್ದು, ಉಸಿರು, ಏಳು ಸುತ್ತಿನ ಕೋಟೆಯ ಗಾಳಿ. ಮೌಸ್ ಸರಿಸಿ ಕಿಂಡಿಗೆ ಸರಿಯಾಗಿ ತಿರುಗಬೇಕು, ತಲೆ ಹೊರಬಂದ ಕ್ಷಣಕ್ಕೆ ಒನಕೆ ಬೀಸಬೇಕು. ಬೇಗ ಬೀಸಿದರೆ ಉಳಿದವರಿಗೆ ಎಚ್ಚರ ಆಗುತ್ತದೆ.

ದಾವಣಗೆರೆಯಲ್ಲಿ ಇಷ್ಟೊಂದು ಎಂಜಿನಿಯರಿಂಗ್ ವಿದ್ಯಾರ್ಥಿಗಳಿದ್ದೀರಿ. ಇದಕ್ಕೆ ದೊಡ್ಡ ಖರ್ಚಿಲ್ಲ. ಬ್ರೌಸರ್‌ನಲ್ಲಿ ಸದ್ದು ನುಡಿಸುವ ವೆಬ್ ಆಡಿಯೋದಲ್ಲಿ ಎಚ್‌ಆರ್‌ಟಿಎಫ್ ಪ್ಯಾನರ್ ಎಂಬ ಸೌಲಭ್ಯ ಇದೆ. ತಲೆ ಮತ್ತು ಕಿವಿಯ ಆಕಾರ ಸದ್ದನ್ನು ಹೇಗೆ ಬದಲಿಸುತ್ತದೋ ಹಾಗೇ ಅದು ಬದಲಿಸಿ ಕೊಡುತ್ತದೆ. ಬ್ರೌಸರ್‌ನದೇ ಪಾಯಿಂಟರ್ ಲಾಕ್ ಸೌಲಭ್ಯ ಬಳಸಿದರೆ ಮೌಸ್‌ನ ಬಾಣ ಪರದೆಯ ಅಂಚಿಗೆ ಸಿಕ್ಕಿಕೊಳ್ಳುವುದಿಲ್ಲ, ಸುತ್ತಲೂ ಎಷ್ಟು ಬೇಕಾದರೂ ತಿರುಗಬಹುದು. ಸದ್ದುಗಳನ್ನು ಕೋಟೆಗೇ ಹೋಗಿ ಫೋನಿನಲ್ಲಿ ಹಿಡಿದು ತರಬಹುದು. ಕೊನೆಯ ವರ್ಷದ ಪ್ರಾಜೆಕ್ಟ್‌ಗೆ ಇದನ್ನು ತೆಗೆದುಕೊಳ್ಳಿ ಅಂತ ನಿಜವಾಗಿಯೂ ಕೇಳಿಕೊಳ್ಳುತ್ತಿದ್ದೇನೆ. ಒಂದೇ ಶರತ್ತು. ಎಲ್ಲ ಮುಗಿಸಿ ಉದ್ಘಾಟನೆಗೆ ನಮ್ಮನ್ನು ಕರೆಯಬೇಡಿ. ಮೊದಲ ಸದ್ದು ಹಾಕಿದ ದಿನವೇ ಕರೆಯಿರಿ. ಯಾವ ಸದ್ದಿನ ದಿಕ್ಕು ಸಿಗುತ್ತದೆ, ಯಾವುದು ಸಿಗುವುದಿಲ್ಲ ಅಂತ ಆಗ ಹೇಳಿದರೆ ಬದಲಿಸುವುದು ಸುಲಭ.